ಅನ್ಯೋನ್ಯಕೂಟದ ಒಲೆ

ಕರ್ನಾಟಕದ ಸಿ.ಎಸ್.ಐ. (ದಕ್ಷಿಣ ಇಂಡಿಯಾ ಸಭೆ) ಸಭೆಗಳಲ್ಲಿ ಭಾನುವಾರದ ಆರಾಧನೆ ಬಿಟ್ಟರೆ ತಪ್ಪದೆ ನಡೆಯುವುದು ಹೆಂಗಸರ ಕೂಟ. ಕಾಗದಪತ್ರದಲ್ಲಿ ಅದು ಸ್ತ್ರೀಯರ ಅನ್ಯೋನ್ಯಕೂಟ. ಬಾಯಿಮಾತಿನಲ್ಲಿ ಬರೀ ಕೂಟ, ಪೇಟೆಯ ಕಡೆ ವಿಮೆನ್ಸ್ ಫೆಲೋಶಿಪ್. ಸಭೆಯೆಂದರೆ ಒಂದು ದೇವಾಲಯಕ್ಕೆ ಸೇರಿದ ಕುಟುಂಬಗಳೆಲ್ಲ. ಆ ಮನೆಗಳ ಹೆಂಗಸರು ಯಾರು ಬೇಕಾದರೂ ಕೂಟಕ್ಕೆ ಬರಬಹುದು; ಮದುವೆಯಾದವರು, ಆಗದವರು, ಗಂಡ ತೀರಿಕೊಂಡವರು ಎಂಬ ಭೇದವಿಲ್ಲ. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಂದು ಪದಾಧಿಕಾರಿಗಳಿರುತ್ತಾರೆ. ಸಭಾಪಾಲಕರ ಪತ್ನಿಯೇ, ಜನರ ಬಾಯಲ್ಲಿ 'ಅಮ್ಮನವರೇ', ಅಧ್ಯಕ್ಷೆಯಾಗುವುದು ಹಲವು ಕಡೆ ಹಳೆಯ ರೂಢಿ. ಸಭೆಗಳ ಕೂಟಗಳೆಲ್ಲ ಸೇರಿ ಸಭಾಪ್ರಾಂತದ ಕೂಟ. ಅಂಥ ಸಭಾಪ್ರಾಂತಗಳು ಕರ್ನಾಟಕದಲ್ಲಿ ಮೂರು: ಬೆಂಗಳೂರು ಕೇಂದ್ರವಾದ ಮಧ್ಯ, ಮಂಗಳೂರು ಕೇಂದ್ರವಾದ ದಕ್ಷಿಣ, ಧಾರವಾಡ ಕೇಂದ್ರವಾದ ಉತ್ತರ.

ಕೂಟದ ಕ್ರಮ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಒಂದು ಸಂಗೀತ (ಭಕ್ತಿಗೀತೆಗೆ ಇಲ್ಲಿಯ ಹೆಸರು), ಪ್ರಾರ್ಥನೆ, ಬೈಬಲಿನ ಒಂದು ಭಾಗದ ಓದು, ಅದರ ಮೇಲೆ ಸ್ವಲ್ಪ ಹೊತ್ತು ಮಾತು, ಮತ್ತೊಂದು ಸಂಗೀತ, ಕಾಣಿಕೆ. ಕರಾವಳಿಯ ಹಳೆಯ ಸಭೆಗಳಲ್ಲಿ ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಮತ್ತು ತುಳು ಸಂಗೀತಗಳನ್ನು ಮೇಲುಸ್ವರ, ಕೆಳಸ್ವರ ಬೇರೆ ಮಾಡಿ ಹಾಡುವವರು ಇನ್ನೂ ಇದ್ದಾರೆ. ಆಮೇಲೆ ಪ್ರಾರ್ಥನೆಯ ಕೋರಿಕೆಗಳು. ಯಾರ ಮಗನಿಗೆ ಕೆಲಸ ಸಿಕ್ಕಿಲ್ಲ, ಯಾರಿಗೆ ಆಪರೇಷನ್ ಇದೆ, ಯಾರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ ಎಂದು ಒಬ್ಬೊಬ್ಬರಾಗಿ ಹೇಳುತ್ತಾರೆ; ಅವಕ್ಕಾಗಿ ಸರದಿಯ ಮೇಲೆ ಪ್ರಾರ್ಥಿಸುತ್ತಾರೆ. ಊರ ಸುದ್ದಿ ವಿಚಾರಿಸುವುದಕ್ಕೂ ಪ್ರಾರ್ಥನೆಗೂ ಇಲ್ಲಿ ಗೆರೆ ತೆಳು ಎಂದು ಗಂಡಸರು ಚೇಷ್ಟೆ ಮಾಡುವುದುಂಟು. ಆದರೆ ಯಾವ ಮನೆಯಲ್ಲಿ ಕಷ್ಟವಿದೆ, ಯಾರ ಮಗುವಿನ ಫೀಸು ಬಾಕಿ ಉಳಿದಿದೆ ಎಂಬುದು ಸಭಾ ಸಮಿತಿಗಿಂತ ಮೊದಲು ತಿಳಿಯುವುದು ಈ ಕೂಟಕ್ಕೇ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳಿ ಎದ್ದರೆ ಮುಂದಿನದು ಚಹಾ.

ಕೂಟದ ದಿನವನ್ನು ನಿಶ್ಚಯಿಸುವುದು ಮನೆಗೆಲಸದ ಬಿಡುವು. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಶಾಲೆಯಿಂದ ಬರುವ ಮೊದಲಿನ ಹೊತ್ತು ಬಹಳ ಕಾಲದಿಂದ ಕೂಟದ ಹೊತ್ತಾಗಿತ್ತು. ಬೇರೆ ದೇಶಗಳಲ್ಲೂ ಲೆಕ್ಕ ಇದೇ. ದಕ್ಷಿಣ ಆಫ್ರಿಕದ ಕಪ್ಪು ಹೆಂಗಸರ ಚರ್ಚ್ ಕೂಟಗಳಿಗೆ ಮನ್ಯಾನೊ ಎಂದು ಹೆಸರು. ಅವು ಗುರುವಾರವೇ ಸೇರುತ್ತಿದ್ದವು. ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರಿಗೆ ಗುರುವಾರ ಮಧ್ಯಾಹ್ನ ರಜೆ ಸಿಗುತ್ತಿದ್ದುದೇ ಅದಕ್ಕೆ ಕಾರಣ.

ಕೂಡಿ ಉಣ್ಣುವುದು ಕ್ರೈಸ್ತ ಸಭೆಗೆ ಹೊಸತಲ್ಲ. ಆದಿಸಭೆಯವರು ಮನೆಮನೆಗಳಲ್ಲಿ ಸೇರಿ ರೊಟ್ಟಿ ಮುರಿದು ಹಂಚಿಕೊಳ್ಳುತ್ತಿದ್ದರು ಎಂದು ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿದೆ. ಅದೇ ಊಟ ಜಗಳಕ್ಕೂ ಕಾರಣವಾಗಿತ್ತು. ಕ್ರಿ.ಶ. 50ರ ದಶಕದಲ್ಲಿ ಸಂತ ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ, ಉಳ್ಳವರು ತಮ್ಮ ಬುತ್ತಿ ತಾವೇ ತಿಂದು ಕುಡಿದು ಮುಗಿಸುತ್ತಾರೆ, ಬಡವರು ಹಸಿದೇ ಉಳಿಯುತ್ತಾರೆ ಎಂದು ಗದರಿಸಿದ್ದಾನೆ. ಹೆಂಗಸರ ಕೂಟಗಳು ತಮ್ಮ ಹಿರಿಯಳೆಂದು ನೆನೆಯುವುದು ಯೊಪ್ಪ ಪಟ್ಟಣದ ತಬಿಥಾಳನ್ನು. ದೊರ್ಕ ಎಂಬುದು ಅವಳ ಇನ್ನೊಂದು ಹೆಸರು. ಅವಳು ವಿಧವೆಯರಿಗೆ ಅಂಗಿ ಹೊಲಿದು ಕೊಡುತ್ತಿದ್ದವಳು. ಬಡವರಿಗೆ ಬಟ್ಟೆ ಹೊಲಿದು ಕೊಡುವ ಹತ್ತೊಂಬತ್ತನೆಯ ಶತಮಾನದ ಸಂಘಗಳು ದೊರ್ಕ ಸಂಘಗಳೆಂದೇ ಹೆಸರಾಗಿದ್ದವು.

ಕನ್ನಡ ನಾಡಿನಲ್ಲಿ ಕೂಡಿ ಉಣ್ಣುವ ಈ ಕಥೆ ಬೇರೆಯೇ ತಿರುವು ಪಡೆಯಿತು. ಯುರೋಪಿನ ಬಾಸೆಲ್ ಮಿಷನ್ನಿನ ಮಿಷನರಿಗಳಾದ ಸ್ಯಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಿಂದಾದ ಸಭೆಗಳಲ್ಲಿ ಬಿಲ್ಲವರಿದ್ದರು, ಕೊಡಗಿನ ಆನಂದಪುರದಲ್ಲಿ ಹೊಲೆಯರಿದ್ದರು, ಬ್ರಾಹ್ಮಣರಲ್ಲೂ ಕೆಲವರಿದ್ದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಅವರಲ್ಲಿ ಪ್ರಸಿದ್ಧರು. ಮಿಷನ್ ಸಭೆಯೊಳಗೆ ಜಾತಿಯನ್ನು ಒಪ್ಪುತ್ತಿರಲಿಲ್ಲ. ಆ ಕಾಲದ ಸಮಾಜದ ಕಣ್ಣಿಗೆ ಒಬ್ಬನು ಜಾತಿ ಬಿಟ್ಟದ್ದು ಖಾತ್ರಿಯಾಗುತ್ತಿದ್ದುದು ಬೇರೆ ಜಾತಿಯವರೊಡನೆ ಕುಳಿತು ಅವರ ಕೈಯ ಅನ್ನ ಉಂಡಾಗ. ಪ್ರಾರ್ಥನೆ, ಪ್ರಸಂಗ ಎಲ್ಲ ಆಮೇಲಿನ ಮಾತು. ಒಂದು ಪಂಕ್ತಿಯಲ್ಲಿ ಊಟ ಎಂಬುದಕ್ಕೆ ಈ ನೆಲದಲ್ಲಿ ಇದ್ದ ತೂಕ ಯುರೋಪಿನ ಹಳ್ಳಿಯ ಚರ್ಚಿನ ಚಹಾಕೂಟಕ್ಕೆ ಇರಲಿಲ್ಲ. ಆ ಅನ್ನವನ್ನು ಬೇಯಿಸಿ ಬಡಿಸಿದವರು ಹೆಂಗಸರು. ತವರಿನ ಬಾಗಿಲು ಮುಚ್ಚಿಸಿಕೊಂಡು ಬಂದವಳಿಗೆ ಹೊಸ ನೆಂಟರು ಸಿಕ್ಕಿದ್ದು ಸಭೆಯ ಇತರ ಹೆಂಗಸರಲ್ಲೇ.

ಹೆಂಗಸರನ್ನು ಮನೆಯ ಹೊರಗೆ ಒಂದೆಡೆ ಕೂರಿಸಿದ್ದು ಮೊದಲು ಸೂಜಿದಾರ. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದುಬರಹದ ಜೊತೆಗೆ ಹೊಲಿಗೆ ಕಡ್ಡಾಯದ ಪಾಠ. ಮಲಯಾಳ ನಿಘಂಟುಕಾರ ಹರ್ಮನ್ ಗುಂಡರ್ಟ್‌ನ ಪತ್ನಿ ಜೂಲಿ ತಲಶ್ಶೇರಿಯಲ್ಲಿ ನಡೆಸಿದ ಹೆಣ್ಣುಮಕ್ಕಳ ವಸತಿಶಾಲೆ ಮಲಬಾರಿನ ಕಡೆ ಇಂಥವುಗಳಲ್ಲಿ ಮೊದಮೊದಲಿನದು. ಜಾತಿಯೊಡನೆ ಜಾತಿಯ ಕಸುಬನ್ನೂ ಕಳೆದುಕೊಂಡವರಿಗೆ ಹೊಟ್ಟೆಪಾಡು ಆಗಬೇಕಿತ್ತು. ಅದಕ್ಕೆಂದೇ ಮಿಷನ್ 1851ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹೊಲಿಗೆ ಕಲಿತ ಹೆಣ್ಣುಮಕ್ಕಳು ತಾಯಂದಿರಾದ ಮೇಲೆ ಅದೇ ಕೈಗೆಲಸ ಹಿಡಿದು ಮಿಷನರಿಯ ಹೆಂಡತಿಯ ಬಂಗಲೆಯ ಜಗಲಿಯಲ್ಲಿ ವಾರಕ್ಕೊಮ್ಮೆ ಸೇರುವುದು, ಒಬ್ಬರು ಓದುವುದು, ಉಳಿದವರು ಕೇಳುತ್ತ ಹೊಲಿಯುವುದು ನಡೆಯಿತು. ಹಳೇ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಕಡೆಯೂ ಇದೇ ದಾರಿ. ಜೊತೆಗೆ ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರು ಎಂಬ ಸಂಬಳದ ಕೆಲಸಗಾರ್ತಿಯರಿದ್ದರು.

ಆಂಗ್ಲಿಕನ್ ಸಭೆಗಳಲ್ಲಿ ಮದರ್ಸ್ ಯೂನಿಯನ್ ಬೇರೂರಿತು. ಅದನ್ನು 1876ರಲ್ಲಿ ಇಂಗ್ಲೆಂಡಿನ ಓಲ್ಡ್ ಆಲ್ರೆಸ್‌ಫರ್ಡ್ ಎಂಬ ಹಳ್ಳಿಯಲ್ಲಿ ಶುರುಮಾಡಿದವರು ಅಲ್ಲಿಯ ಪಾದ್ರಿಯ ಹೆಂಡತಿ ಮೇರಿ ಸಮ್ನರ್. ಮೊದಲ ದಿನ ಮಾತಾಡಲು ಧೈರ್ಯ ಸಾಲದೆ, ಬಂದವರನ್ನು ಮುಂದಿನ ವಾರ ಬನ್ನಿ ಎಂದು ಕಳಿಸಿದರಂತೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾದಾಗ, ಒಂದೊಂದು ಮಿಷನ್ನಿನ ಹೆಂಗಸರ ಕೂಟಗಳೂ ಒಂದೇ ಹೆಸರಿನಡಿ ಬರಬೇಕಾಯಿತು. ಪೂರ್ಣಾವಧಿ ಸೇವೆಗೆ ನಿಲ್ಲುವ ಹೆಂಗಸರಿಗಾಗಿ 1952ರಲ್ಲಿ ಸಿಸ್ಟರ್ ಕ್ಯಾರಲ್ ಗ್ರಹಾಂ ಮುಂದಾಳುತನದಲ್ಲಿ ಸಹೋದರಿಯರ ಸಂಘವೂ ಆಯಿತು. ಬೆಂಗಳೂರಿನ ವಿಶ್ರಾಂತಿ ನಿಲಯ ಅದರ ಮನೆ.

ಇಷ್ಟು ಇತಿಹಾಸವನ್ನು ಬೆನ್ನಿಗಿಟ್ಟುಕೊಂಡ ಕೂಟದ ವಾರದ ಚಹಾ ಮಾತ್ರ ಬಹಳ ಸಾದಾ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ಮಂಗಳೂರ ಕಡೆ ಗೋಳಿಬಜೆ ಅಥವಾ ಕಡ್ಲೆ ಬಜಿಲ್, ಮಳೆಗಾಲದಲ್ಲಿ ಪತ್ರೊಡೆ, ಹುಬ್ಬಳ್ಳಿ ಗದಗಿನ ಕಡೆ ಮಿರ್ಚಿ ಮಂಡಕ್ಕಿ. ತಿಂಡಿ ತರುವ ಸರದಿ ಇರುತ್ತದೆ. ಸರದಿ ಪಟ್ಟಿಯ ಜೊತೆಗೆ ಬರೆಯದ ಕಟ್ಟಳೆಯೂ ಇರುತ್ತದೆ: ಒಂದು ಖಾರ, ಒಂದು ಸಿಹಿ, ಅಷ್ಟೇ. ಈ ಕಟ್ಟಳೆ ಹುಟ್ಟಿದ್ದು ಅನುಭವದಿಂದ. ಒಬ್ಬರು ಎರಡು ಬಗೆ ತಂದರೆ ಮುಂದಿನ ವಾರದವರು ಮೂರು ತರುತ್ತಾರೆ, ಹೀಗೇ ಹೋದರೆ ಕೈಯಲ್ಲಿ ಆಗದವರು ತಮ್ಮ ಸರದಿಯ ವಾರ ಕೂಟಕ್ಕೇ ಬರುವುದಿಲ್ಲ. ಪೌಲ ಕೊರಿಂಥದವರಿಗೆ ಕಾಗದ ಬರೆದು ಹೇಳಿದ್ದನ್ನು ಇಲ್ಲಿ ಹಿರಿಯ ಹೆಂಗಸೊಬ್ಬರು ಕಣ್ಸನ್ನೆಯಲ್ಲೇ ಮುಗಿಸುತ್ತಾರೆ. 

ವರ್ಷದ ದೊಡ್ಡ ಅಡುಗೆ ಕ್ರಿಸ್‌ಮಸ್ಸಿನದು. ಮಂಗಳೂರಿನ ಕ್ಯಾಥೊಲಿಕರು ಕುಸ್ವಾರ್ ಎನ್ನುವ ತಿಂಡಿಗಳ ತಟ್ಟೆಯಲ್ಲಿ ಕಿಡಿಯೊ, ನೆವ್ರಿಯೊ, ಗುಳಿಯೊ, ಕೊಕ್ಕಿಸಾಂ ಎಲ್ಲ ಇರುತ್ತವೆ. ಅವರ ಚರ್ಚುಗಳಲ್ಲಿ ಹೆಂಗಸರ ಕೂಟಕ್ಕೆ ಸ್ತ್ರೀ ಸಂಘಟನ್ ಎಂದು ಹೆಸರು. ಸಿ.ಎಸ್.ಐ. ಮನೆಗಳಲ್ಲಿ ಅವೇ ತಿಂಡಿಗಳು ಕಲ್‌ಕಲ್, ಕರ್ಜಿಕಾಯಿ, ರೋಸ್ ಕುಕ್ಕಿಗಳಾಗುತ್ತವೆ. ಜೊತೆಗೆ ಚಕ್ಕುಲಿ, ರವೆಯುಂಡೆ, ಕಜ್ಜಾಯ. ಡಿಸೆಂಬರಿನ ಮೊದಲ ವಾರಗಳಲ್ಲಿ ಅನೇಕ ಕೂಟಗಳು ಇವನ್ನು ದೇವಾಲಯದ ಹಾಲಿನಲ್ಲೋ ಯಾರದಾದರೂ ದೊಡ್ಡ ಅಂಗಳದಲ್ಲೋ ಒಟ್ಟಿಗೆ ಮಾಡುತ್ತವೆ. ಅರ್ಧ ಮಾರಾಟಕ್ಕೆ, ಉಳಿದದ್ದು ಹಬ್ಬ ಮಾಡಲಾಗದ ಮನೆಗಳಿಗೆ, ಆಸ್ಪತ್ರೆಯ ವಾರ್ಡಿಗೆ, ಅಕ್ಕಪಕ್ಕದ ಹಿಂದೂ ಮುಸ್ಲಿಂ ಮನೆಗಳಿಗೆ.

ಕಲ್‌ಕಲ್ಲಿಗೆ ಕೈ ಜಾಸ್ತಿ ಬೇಕು, ಒಬ್ಬಿಬ್ಬರಿಂದ ಆಗುವುದಲ್ಲ. ಮೈದಾ, ಒಂದು ಹಿಡಿ ರವೆ, ಬೆಣ್ಣೆ, ಮೊಟ್ಟೆ, ತೆಂಗಿನ ಹಾಲು ಹಾಕಿ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ಗೋಲಿಗಿಂತ ಚಿಕ್ಕ ಉಂಡೆ ಕಿತ್ತು, ಎಣ್ಣೆ ಸವರಿದ ಫೋರ್ಕಿನ ಬೆನ್ನಿನ ಮೇಲೋ ಇದಕ್ಕೆಂದೇ ಎತ್ತಿಟ್ಟ ಹೊಸ ಬಾಚಣಿಗೆಯ ಮೇಲೋ ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ತುದಿಯಿಂದ ಸುರುಳಿ ಸುತ್ತಿದರೆ ಗೀರು ಗೀರಾದ ಪುಟ್ಟ ಶಂಖ. ಎಂಟು ಹತ್ತು ಜನ ಸುತ್ತ ಕುಳಿತರೂ ಒಂದು ಕಿಲೋ ಹಿಟ್ಟು ಮುಗಿಯಲು ಬಹಳ ಹೊತ್ತು ಹಿಡಿಯುತ್ತದೆ. ಮಾತಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ, ಕೈ ತನ್ನಷ್ಟಕ್ಕೆ ಓಡುತ್ತದೆ, ಕಣ್ಣು ಎದುರಿನವರ ಮುಖದ ಮೇಲಿರಬಹುದು. ಮಕ್ಕಳಿಗೂ ಬಾಚಣಿಗೆ ಕೊಟ್ಟು ಕೂರಿಸುತ್ತಾರೆ. ಅವರು ಸುತ್ತಿದ್ದು ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಅದನ್ನು ಅವರೇ ತಿನ್ನುತ್ತಾರೆ. ಕರಿದ ಮೇಲೆ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿ ತಿರುವುತ್ತ ಹೋದರೆ ಪಾಕ ಬಿಳಿಯಾಗಿ ಒಣಗಿ ಅಂಟಿಕೊಳ್ಳುತ್ತದೆ.

ರೋಸ್ ಕುಕ್ಕಿಗೆ ಕೈಗಿಂತ ಕಣ್ಣು ಮುಖ್ಯ. ಉದ್ದ ಹಿಡಿಯ ಕಬ್ಬಿಣದ ಹೂವಿನಚ್ಚು ಅದರ ಉಪಕರಣ. ಮೈದಾ ಇಲ್ಲವೇ ಅಕ್ಕಿಹಿಟ್ಟಿಗೆ ಮೊಟ್ಟೆ, ಸಕ್ಕರೆ, ತೆಂಗಿನ ಹಾಲು, ಎಳ್ಳು ಸೇರಿಸಿ ದೋಸೆಹಿಟ್ಟಿಗಿಂತ ತುಸು ತೆಳ್ಳಗೆ ಕಲಸುತ್ತಾರೆ. ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲಿ ಇಟ್ಟು ಚೆನ್ನಾಗಿ ಕಾಯಿಸಿ, ಆಮೇಲೆ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಚ್ಚಿನ ಮೇಲ್ಭಾಗಕ್ಕೆ ಹಿಟ್ಟು ಹತ್ತಿದರೆ ಹೂವು ಕಳಚುವುದಿಲ್ಲ. ಅಚ್ಚು ಕಾದಿರದಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ, ತೀರಾ ಕಾದಿದ್ದರೆ ಹಿಟ್ಟಿನ ಪಾತ್ರೆಯಲ್ಲೇ ಬೆಂದು ಉದುರುತ್ತದೆ. ಸರಿಯಾಗಿ ಅದ್ದಿದ್ದನ್ನು ಎಣ್ಣೆಗಿಳಿಸಿ ಸ್ವಲ್ಪ ಹೊತ್ತು ಬಿಟ್ಟು ಹಿಡಿಯನ್ನು ಮೆಲ್ಲಗೆ ಅಲುಗಿಸಿದರೆ ಹೂವು ತಾನಾಗಿ ತೇಲಿ ಬರುತ್ತದೆ. ಪ್ರತಿ ಕೂಟದಲ್ಲೂ ಈ ಅಚ್ಚು ಹಿಡಿಯುವ ಹಕ್ಕು ಒಬ್ಬರೋ ಇಬ್ಬರೋ ಹಿರಿಯರಿಗೆ ಮೀಸಲು. ಸೊಸೆಯಂದಿರ ಕೈಗೆ ಅದು ದಾಟಲು ವರ್ಷಗಳೇ ಹಿಡಿಯುತ್ತವೆ. ಅಚ್ಚು ಹಳೆಯದಾದಷ್ಟೂ ಅದಕ್ಕೆ ಎಣ್ಣೆ ಹಿಡಿದು ಕುಕ್ಕಿ ಸಲೀಸಾಗಿ ಬಿಡುವುದರಿಂದ ಅತ್ತೆಯ ಅಚ್ಚಿಗೆ ಬೇಡಿಕೆ ಹೆಚ್ಚು.

ಪ್ಲಮ್ ಕೇಕಿನಲ್ಲಿ ಸಭೆಗಳ ಹಳೆಯ ವಂಶಾವಳಿ ಕಾಣುತ್ತದೆ. ಒಣದ್ರಾಕ್ಷಿ, ಟುಟಿಫ್ರುಟಿ, ಕಿತ್ತಳೆ ಸಿಪ್ಪೆಯನ್ನು ವಾರಗಟ್ಟಲೆ ನೆನೆಹಾಕುವುದು ರಮ್ಮಿನಲ್ಲಿ ಎಂಬುದು ಹಲವು ಮನೆಗಳ ರೂಢಿ. ಮದ್ಯವನ್ನು ದೂರವಿಡುವ ಮೆಥಡಿಸ್ಟ್ ಪರಂಪರೆಯಿಂದ ಬಂದ ಕುಟುಂಬಗಳಲ್ಲಿ ಕಿತ್ತಳೆ ರಸ ಇಲ್ಲವೇ ದ್ರಾಕ್ಷಿ ರಸ. ಕೂಟದ ಮಾರಾಟಕ್ಕೆ ಮಾಡುವಾಗ ರಸದ ಕೇಕೇ ಗೆಲ್ಲುತ್ತದೆ, ಎಲ್ಲರೂ ಕೊಳ್ಳಬಹುದು ಎಂಬ ಕಾರಣಕ್ಕೆ.

ಶುಭ ಶುಕ್ರವಾರದ ಅಡುಗೆ ಇದಕ್ಕೆ ತದ್ವಿರುದ್ಧ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಕುರಿತ ಮೂರು ಗಂಟೆಯ ಆರಾಧನೆ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ, ಹೆಚ್ಚಿನವರು ಉಪವಾಸವಿರುತ್ತಾರೆ. ಕರಾವಳಿಯ ಹಲವು ಸಭೆಗಳಲ್ಲಿ ಆಗ ಸಿಗುವುದು ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ; ಒಳನಾಡಿನಲ್ಲಿ ಮಜ್ಜಿಗೆ, ಪಾನಕ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕಾದ್ದರಿಂದ ಅಡುಗೆಗೆ ನಿಂತವರು ಏಳು ಮಾತುಗಳಲ್ಲಿ ಕೆಲವನ್ನು ಒಲೆಯ ಮುಂದೆ, ಕಿಟಕಿಯಿಂದ ಬರುವ ಧ್ವನಿವರ್ಧಕದ ಸದ್ದಿನಲ್ಲಿ ಕೇಳಬೇಕಾಗುತ್ತದೆ. ಬೇಯಿಸಿದವಳಿಗೆ ಆರಾಧನೆ ತಪ್ಪುತ್ತದೆ ಎಂಬ ಈ ದೂರು ಬೈಬಲಿನಷ್ಟೇ ಹಳೆಯದು. ಬೇಥಾನ್ಯದ ಮಾರ್ಥಳು ತಂಗಿ ಮರಿಯಳ ಮೇಲೆ ಯೇಸುವಿಗೆ ಹೇಳಿದ ದೂರೂ ಇದೇ.

ಕೂಟದ ಅಡುಗೆ ಹಣವಾಗುವುದು ಬೆಳೆಹಬ್ಬದ ದಿನ. ಅಂದು ಸಭೆಯವರು ತಂದ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿ, ಅಕ್ಕಿ, ಕೋಳಿಗಳನ್ನು ಆರಾಧನೆಯಲ್ಲಿ ಅರ್ಪಿಸಿ ಆಮೇಲೆ ಏಲಂ ಹಾಕುತ್ತಾರೆ. ಒಂದು ತೆಂಗಿನಕಾಯಿ ಕೈಯಿಂದ ಕೈಗೆ ಸವಾಲಿನಲ್ಲಿ ಏರುತ್ತ ಪೇಟೆ ದರದ ಎಷ್ಟೋ ಪಟ್ಟಿಗೆ ಹೋಗುವುದು, ಗೆದ್ದವರು ಅದನ್ನು ಮತ್ತೆ ಏಲಂಗೇ ಕೊಡುವುದು ಮಾಮೂಲು. ಪಕ್ಕದಲ್ಲೇ ಹೆಂಗಸರ ತಿಂಡಿ ಮಳಿಗೆ. ಕರಾವಳಿಯಲ್ಲಾದರೆ ಕೋರಿ ರೊಟ್ಟಿ, ನೀರುದೋಸೆ, ಪುಂಡಿ ನೋಡುತ್ತಿದ್ದಂತೆಯೇ ಖರ್ಚಾಗುತ್ತವೆ. ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ, ಕಸೂತಿ ಹಾಕಿದ ಮೇಜುಬಟ್ಟೆ, ಕ್ರೋಷಾ ಕೆಲಸ ಒಂದು ಮೇಜಿನ ಮೇಲೆ. ಕಚ್ಚಾ ಸಾಮಾನು ಮನೆಮನೆಯಿಂದ ದಾನ, ದುಡಿಮೆಗೆ ಕೂಲಿಯಿಲ್ಲ, ಹೀಗಾಗಿ ಬಂದದ್ದೆಲ್ಲ ಲಾಭ.

ಈ ಲಾಭ ಕೂಟದ ಸ್ವಂತ ಖಾತೆಗೆ ಹೋಗುತ್ತದೆ ಎಂಬುದೇ ಮುಖ್ಯ ಸಂಗತಿ. ಬಹುಕಾಲ ಸಭೆಗಳ ಸಮಿತಿಯಲ್ಲಿ ಹೆಂಗಸರಿರಲಿಲ್ಲ, ಪ್ರಸಂಗಪೀಠದಲ್ಲಂತೂ ಇಲ್ಲವೇ ಇಲ್ಲ. ಆದರೆ ದೇವಾಲಯದ ಹಾಲಿಗೆ ಫ್ಯಾನು ಬೇಕೆಂದರೆ, ಪಾತ್ರೆ ಬೇಕೆಂದರೆ, ಬಡ ಹುಡುಗಿಯ ನರ್ಸಿಂಗ್ ಫೀಸು ಕಟ್ಟಬೇಕೆಂದರೆ ಸಮಿತಿಯವರು ಕೂಟದ ಖಜಾಂಚಿಯ ಮುಖ ನೋಡಬೇಕಾಗುತ್ತಿತ್ತು. ಕೊಡುವವರಿಗೆ ಕೇಳುವ ಅಧಿಕಾರವೂ ಬಂತು. ಲೆಕ್ಕ ಬರೆಯುವುದು, ಠರಾವು ಮಂಡಿಸುವುದು, ಸಭೆಯ ಮುಂದೆ ವರದಿ ಓದುವುದು, ಹತ್ತು ಜನರ ಎದುರು ನಿಂತು ಮಾತಾಡುವುದು, ಎಲ್ಲವನ್ನೂ ಎಷ್ಟೋ ಹೆಂಗಸರು ಮೊದಲು ಕಲಿತದ್ದು ಈ ಕೂಟದಲ್ಲಿ. ಸಿ.ಎಸ್.ಐ. ತನ್ನ ಮೊದಲ ಮಹಿಳಾ ಪಾದ್ರಿಯಾಗಿ ಎಲಿಜಬೆತ್ ಪಾಲ್ ಅವರಿಗೆ ಅಭಿಷೇಕ ಕೊಟ್ಟದ್ದು 1976ರಲ್ಲಿ. ಮೊದಲ ಮಹಿಳಾ ಬಿಷಪ್ ಆಗಿ ಇ. ಪುಷ್ಪಲಲಿತಾ ನಂದ್ಯಾಲದಲ್ಲಿ ಪೀಠವೇರಿದ್ದು 2013ರಲ್ಲಿ. ಅಷ್ಟು ವರ್ಷಗಳ ನಡುವೆ ಹೆಂಗಸರಿಗೆ ಸಭೆಯೊಳಗೆ ದಕ್ಕಿದ ಬಲವನ್ನು ಬಹುಮಟ್ಟಿಗೆ ಒಲೆಯೇ ಸಂಪಾದಿಸಿ ಕೊಟ್ಟಿತು ಎಂದರೆ ಉತ್ಪ್ರೇಕ್ಷೆಯಾಗದು.

ದೊಡ್ಡ ಮೊತ್ತದ ಏಲಂ ಒಂದು ಕಡೆ, ಅತಿ ಸಣ್ಣ ನಾಣ್ಯದ ಡಬ್ಬಿ ಇನ್ನೊಂದು ಕಡೆ. ಈ ಡಬ್ಬಿಯ ಹಿಂದೆ ಭಾರತದ ಹೆಂಗಸೊಬ್ಬರಿದ್ದಾರೆ. ಎರಡನೆಯ ಮಹಾಯುದ್ಧದ ಗಾಯಗಳು ಇನ್ನೂ ಮಾಯದಿದ್ದ ಏಷ್ಯದ ದೇಶಗಳನ್ನು ಕ್ರೈಸ್ತ ಹೆಂಗಸರ ತಂಡವೊಂದು 1956ರಲ್ಲಿ ಸುತ್ತುತ್ತಿತ್ತು. ತಂಡದಲ್ಲಿದ್ದ ಶಾಂತಿ ಸಾಲೊಮನ್ ಅವರಿಗೆ ಕೊರಿಯ ವೀಸಾ ಕೊಡಲಿಲ್ಲ. ಅವರು ಫಿಲಿಪೀನ್ಸಿನಲ್ಲೇ ಉಳಿದರು. ಪ್ರಾರ್ಥನೆಗಾದರೆ ವೀಸಾ ಬೇಡ ಎಂದು ಅಲ್ಲಿ ಹೊಳೆದ ಯೋಚನೆಯೇ ಅತಿ ಸಣ್ಣ ನಾಣ್ಯದ ಅನ್ಯೋನ್ಯತೆ: ಬೇರೆಯವರಿಗಾಗಿ ಪ್ರಾರ್ಥಿಸಿದಾಗಲೆಲ್ಲ ತನ್ನ ದೇಶದ ಅತಿ ಸಣ್ಣ ನಾಣ್ಯವೊಂದನ್ನು ಎತ್ತಿಡುವುದು. ಸಣ್ಣ ನಾಣ್ಯವೇ ಏಕೆಂದರೆ ಶ್ರೀಮಂತಳೂ ಬಡವಳೂ ಒಂದೇ ಸಮ ಕೊಡುವಂತಾಗಲಿ ಎಂದು. ಇದು ಅನೇಕ ದೇಶಗಳಿಗೆ ಹಬ್ಬಿತು, ಕೂಡಿದ ಹಣ ಜಗತ್ತಿನ ಬೇರೆಬೇರೆ ಕಡೆಯ ಹೆಂಗಸರು ಮಕ್ಕಳ ಕೆಲಸಗಳಿಗೆ ಹೋಗುತ್ತದೆ. ಭಾರತದಲ್ಲಿ ನಿಯಮಕ್ಕೆ ಈಗ ಒಂದು ತೊಡಕಿದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಉಳಿದ 50 ಪೈಸೆ ಯಾರ ಕೈಗೂ ಸಿಗುವುದಿಲ್ಲ. ಡಬ್ಬಿಗೆ ಬೀಳುವುದು ರೂಪಾಯಿಯೇ.

ಹಿಡಿ ಅಕ್ಕಿಯ ಪದ್ಧತಿಯೂ ಇದೇ ತರ್ಕದ್ದು. ಅದು ದೊಡ್ಡದಾಗಿ ಬೆಳೆದಿರುವುದು ಮಿಜೋರಾಮಿನಲ್ಲಿ. ಅಲ್ಲಿಯ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು 1910ರಿಂದ, ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತ ಬಂದಿದ್ದಾರೆ. ಕೂಟದವರು ಮನೆಮನೆಯಿಂದ ಅದನ್ನು ಕೂಡಿಸಿ ಮಾರುತ್ತಾರೆ. ಆ ಸಭೆಯ ಸೇವಾಕಾರ್ಯದ ಹಣದಲ್ಲಿ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. ಕನ್ನಡ ನಾಡಿನ ಮಠ, ದೇವಸ್ಥಾನಗಳಿಗೆ ಮುಷ್ಟಿ ಅಕ್ಕಿ ಎತ್ತಿಡುವ ರೂಢಿ ಇರುವುದರಿಂದ ಇಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಚ್ ತಿಂಗಳ ಮೊದಲ ಶುಕ್ರವಾರ ಲೋಕ ಪ್ರಾರ್ಥನಾ ದಿನ. ಅಮೆರಿಕದ ಹೆಂಗಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುಮಾಡಿದ್ದು 1927ರಿಂದ ಲೋಕದ ಆಚರಣೆಯಾಯಿತು. ಪ್ರತಿ ವರ್ಷ ಒಂದು ದೇಶದ ಹೆಂಗಸರು ಆರಾಧನೆಯ ಕ್ರಮವನ್ನು ಬರೆಯುತ್ತಾರೆ, ಉಳಿದ ದೇಶಗಳವರು ಅದನ್ನೇ ತಮ್ಮ ಭಾಷೆಯಲ್ಲಿ ನಡೆಸುತ್ತಾರೆ. 2023ರಲ್ಲಿ ತೈವಾನ್, 2024ರಲ್ಲಿ ಪ್ಯಾಲೆಸ್ಟೈನ್, 2025ರಲ್ಲಿ ಕುಕ್ ದ್ವೀಪಗಳ ಸರದಿ. ಅಂದು ಸಿ.ಎಸ್.ಐ., ಮೆಥಡಿಸ್ಟ್, ಕ್ಯಾಥೊಲಿಕ್ ಎನ್ನದೆ ಊರಿನ ಹೆಂಗಸರು ಒಂದೇ ದೇವಾಲಯದಲ್ಲಿ ಸೇರುವುದುಂಟು. ಆ ದೇಶದ ನಕ್ಷೆ, ಬಾವುಟ, ಜನಜೀವನದ ಪರಿಚಯವಾಗುತ್ತದೆ. ಅಲ್ಲಿಯ ಅಡುಗೆಯನ್ನು ಮಾಡಿ ನೋಡುವ ಹುಮ್ಮಸ್ಸೂ ಕೆಲವು ಕಡೆ ಇದೆ. ಊಟಕ್ಕೆ ಕುಳಿತಾಗ ಜನ ಮೊದಲು ಕೈಹಾಕುವುದು ಮಾತ್ರ ಪಕ್ಕದ ಬಿರಿಯಾನಿಗೇ.

ಕೂಟದ ಉಳಿದ ಚಟುವಟಿಕೆಗಳು ಹಲವು. ವಾಕ್ಯ ಕಂಠಪಾಠ, ಬೈಬಲ್ ರಸಪ್ರಶ್ನೆ, ಗುಂಪುಗಾಯನಗಳ ಸ್ಪರ್ಧೆ ಸಭಾಪ್ರಾಂತದ ಮಟ್ಟದವರೆಗೂ ಹೋಗುತ್ತದೆ. ಅದಕ್ಕೆಂದು ಒಂದೇ ಬಣ್ಣದ ಸೀರೆ ತೆಗೆಯುವಾಗ ನಡೆಯುವ ಚರ್ಚೆ ಎಷ್ಟೋ ಸಲ ಸ್ಪರ್ಧೆಗಿಂತ ದೀರ್ಘ. ವರ್ಷದಲ್ಲಿ ಒಂದು ಸ್ತ್ರೀಯರ ಭಾನುವಾರ. ಅಂದು ಆರಾಧನೆ ನಡೆಸುವವರು, ಪ್ರಸಂಗ ಮಾಡುವವರು, ಕಾಣಿಕೆ ಎತ್ತುವವರೆಲ್ಲ ಹೆಂಗಸರು. ಹೊಲಿಗೆ ತರಬೇತಿ, ಸ್ವಸಹಾಯ ಗುಂಪು, ವೃದ್ಧಾಶ್ರಮದ ಭೇಟಿ ನಡೆಯುತ್ತವೆ. ಹೆಂಗಸರು ಮಕ್ಕಳಿಗಾಗಿಯೇ ಹುಟ್ಟಿದ ಮಿಷನ್ ಆಸ್ಪತ್ರೆಗಳು, ಮೈಸೂರಿನಲ್ಲಿ 1906ರ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಉಡುಪಿಯಲ್ಲಿ ಡಾ. ಇವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆ, ಸಭೆಗಳ ಸಮೀಪದಲ್ಲೇ ಇದ್ದುದರಿಂದ ರೋಗಿಗಳನ್ನು ನೋಡಲು ಹೋಗುವುದು ಕೂಟಕ್ಕೆ ಸಹಜವಾಗಿ ಬಂತು.

ಕೂಟದ ನಿಜವಾದ ಕೆಲಸ ಕಾಣುವುದು ಸಾವಿನ ಮನೆಯಲ್ಲಿ. ಸುದ್ದಿ ಬಂದ ಗಂಟೆಯೊಳಗೆ ಇಬ್ಬರು ಹಿರಿಯರು ಅಲ್ಲಿರುತ್ತಾರೆ. ಒಬ್ಬರು ಒಳಗೆ ಮನೆಯವರ ಬಳಿ ಕೂರುತ್ತಾರೆ, ಇನ್ನೊಬ್ಬರು ಅಡುಗೆಮನೆ ಹೊಕ್ಕು ಹಾಲು ಸಕ್ಕರೆ ಎಷ್ಟಿದೆ ನೋಡುತ್ತಾರೆ. ಬಂದವರಿಗೆಲ್ಲ ಕಾಫಿ, ಮಣ್ಣು ಮುಗಿಸಿ ಬಂದ ಮೇಲೆ ಮನೆಯವರಿಗೆ ಊಟ, ಮುಂದಿನ ಕೆಲವು ದಿನ ಮಧ್ಯಾಹ್ನಕ್ಕೊಂದು ಮನೆ, ರಾತ್ರಿಗೊಂದು ಮನೆ ಎಂದು ಹಂಚಿಕೆ. ಮೂರನೆಯ ದಿನಕ್ಕೂ ಐದನೆಯ ದಿನಕ್ಕೂ ಅನ್ನ ಸಾರೇ ಆಗಬಾರದು, ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಚಪಾತಿ ಹೋಗಬೇಕು ಎಂಬಷ್ಟು ಸೂಕ್ಷ್ಮದವರೆಗೆ ಇದು ಹೋಗುತ್ತದೆ. ಬಾಣಂತಿಯ ಮನೆಗೆ, ಆಪರೇಷನ್ ಆದವರ ಮನೆಗೆ ಕ್ಯಾರಿಯರ್ ಹೋಗುವುದೂ ಇದೇ ವ್ಯವಸ್ಥೆಯಲ್ಲಿ.

ಈ ವ್ಯವಸ್ಥೆ ನಿಂತಿದ್ದುದು ಹಗಲು ಮನೆಯಲ್ಲಿರುವ ಹೆಂಗಸರ ಮೇಲೆ. ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಶಾಲೆ, ಆಸ್ಪತ್ರೆ, ಬ್ಯಾಂಕು, ಐ.ಟಿ. ಕಂಪನಿಗಳಲ್ಲಿ ದುಡಿಯುವವರಿಗೆ ವಾರದ ನಡುವಿನ ಮಧ್ಯಾಹ್ನ ಆಗುವುದಿಲ್ಲ. ಕೆಲವು ಸಭೆಗಳು ಕೂಟವನ್ನು ಭಾನುವಾರದ ಆರಾಧನೆಯ ನಂತರಕ್ಕೋ ಎರಡನೆಯ ಶನಿವಾರಕ್ಕೋ ಸರಿಸಿವೆ, ಕೆಲವು ವಯಸ್ಸಾದವರಿಗೆ ಹಗಲು, ಕಿರಿಯರಿಗೆ ಸಂಜೆ ಎಂದು ಎರಡು ಮಾಡಿವೆ. ಎರಡಾದ ಕಡೆ ಅಚ್ಚು ಹಿಡಿಯುವವರು ಒಂದು ಕಡೆ, ಕಲಿಯಬೇಕಾದವರು ಇನ್ನೊಂದು ಕಡೆ ಉಳಿಯುವ ಪೇಚು ಇದೆ. ದೊಡ್ಡ ಊಟಗಳನ್ನು ಕೇಟರಿಂಗಿನವರಿಗೆ ಒಪ್ಪಿಸುವ ಬಗ್ಗೆ ಸಭೆಗಳಲ್ಲಿ ಒಮ್ಮತವಿಲ್ಲ. ಹೊರಗೆ ಕೊಟ್ಟರೆ ಖರ್ಚು ಹೆಚ್ಚು, ಹಣ ಕೂಡಿಸುವ ಉದ್ದೇಶವೇ ಕೆಡುತ್ತದೆ ಎನ್ನುವವರಿದ್ದಾರೆ. ಹಬ್ಬದ ದಿನವೂ ಹೆಂಗಸರೇ ಪಾತ್ರೆ ತೊಳೆಯಬೇಕೆ, ಗಂಡಸರ ಅನ್ಯೋನ್ಯಕೂಟವೂ ಇದೆಯಲ್ಲ ಎಂದು ಕೇಳುವವರೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಕೆಲವು ಸಭೆಗಳಲ್ಲಿ ಸ್ತ್ರೀಯರ ಭಾನುವಾರ ಅಡುಗೆಯನ್ನು ಗಂಡಸರೇ ವಹಿಸಿಕೊಳ್ಳುವುದು ಶುರುವಾಗಿದೆ. ಅಂದಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿರಿಯಾನಿ, ಮೊಸರುಬಜ್ಜಿ ಎರಡೇ ಇರುತ್ತವೆ. ಕ್ರಿಸ್‌ಮಸ್ ತಿಂಡಿಯ ಆರ್ಡರುಗಳು ಈಗ ಬರುವುದು ವಾಟ್ಸಾಪಿನಲ್ಲಿ. ಪರಊರಿಗೆ, ಪರದೇಶಕ್ಕೆ ಹೋದ ಮಕ್ಕಳಿಗೆ ಕಳಿಸಲು ಕಿಲೋ ಲೆಕ್ಕದಲ್ಲಿ ಕೇಳುವವರೇ ಅದರಲ್ಲಿ ಹೆಚ್ಚು, ಡಿಸೆಂಬರ್ ಹತ್ತರ ಹೊತ್ತಿಗೆ ಆರ್ಡರ್ ನಿಲ್ಲಿಸದಿದ್ದರೆ ಕೂಟಕ್ಕೆ ಕೈ ಸಾಲುವುದಿಲ್ಲ.